ಬ್ರೌಸರ್‌ನಲ್ಲಿ ಓಡುವ ವಿಂಡೋಸ್ 95 ಥರದ ಡೆಸ್ಕ್‌ಟಾಪ್ ಮಾಡಬೇಕು. ರಿಯಾಕ್ಟ್ ಒಳ್ಳೆಯದೋ, ವ್ಯೂ ಒಳ್ಳೆಯದೋ?

ನಾನೂ ಇದೇ ಪ್ರಶ್ನೆಯಿಂದಲೇ ಶುರು ಮಾಡಿದ್ದು. ಎರಡೂ ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಸಲಕರಣೆಗಳೇ, ಯಾವುದಾದರೂ ನಡೆಯುತ್ತೆ, ಈ ಚರ್ಚೆಗೆ ಒಂದು ಸಂಜೆಯನ್ನೂ ಕೊಡಬೇಡಿ.

ನೋಟ ಸುಲಭ. ಕೆಂಪು, ಹಸಿರು, ನೀಲಿ ಲೆಕ್ಕದಲ್ಲಿ ಹಿನ್ನೆಲೆಗೆ 0, 128, 128ರ ಹಸಿರುನೀಲಿ, ವಿಂಡೋಗೆ 192, 192, 192ರ ಬೂದು. ಬಟನ್ನಿನ ಮೇಲಂಚು, ಎಡ ಅಂಚು ಬಿಳಿ; ಕೆಳಗೂ ಬಲಕ್ಕೂ ಕಪ್ಪು. ಒತ್ತಿದಾಗ ಅದಲುಬದಲು.

ನನಗೆ ಪೆಟ್ಟು ಬಿದ್ದಿದ್ದು ವಿಂಡೋ ಎಳೆಯೋದರಲ್ಲಿ. ಮೌಸ್ ಕದಲಿದಾಗ ಬ್ರೌಸರ್ ಕೊಡುವ ಸೂಚನೆ (ಈವೆಂಟ್) ಮೌಸ್‌ಮೂವ್, ಬಟನ್ ಬಿಟ್ಟಾಗಿನದು ಮೌಸ್‌ಅಪ್; ಎರಡನ್ನೂ ಕೇಳುವ ಕೋಡನ್ನು ಡಾಕ್ಯುಮೆಂಟ್ ಮೇಲೆ, ಅಂದರೆ ಇಡೀ ಪುಟದ ಮೇಲೆ ಕೂರಿಸಿದ್ದೆ. ನೋಟ್‌ಪ್ಯಾಡ್ ಒಂದೇ ಇದ್ದಾಗ ಚೆನ್ನಾಗಿಯೇ ಇತ್ತು. ಪಕ್ಕದಲ್ಲಿ ಮೈನ್‌ಸ್ವೀಪರ್ ಥರದ ಆಟವೊಂದನ್ನು ಐಫ್ರೇಮ್‌ನಲ್ಲಿ (ಪುಟದೊಳಗೆ ಕೂರಿಸುವ ಇನ್ನೊಂದು ಪುಟ) ತೆರೆದ ಮೇಲೆ ನೋಟ್‌ಪ್ಯಾಡ್ ಆಗಾಗ ನಡುದಾರಿಯಲ್ಲೇ ನಿಂತುಬಿಡೋದು. ಕೆಲವೊಮ್ಮೆ ಮೌಸ್ ಬಟನ್ ಬಿಟ್ಟರೂ ಕರ್ಸರ್‌ಗೆ ಅಂಟಿಕೊಂಡೇ ತಿರುಗೋದು. ರಿಯಾಕ್ಟ್ ಪರದೆಯನ್ನು ಮತ್ತೆ ಮತ್ತೆ ಹೊಸದಾಗಿ ಚಿತ್ರಿಸೋದರಿಂದಲೇ ಹೀಗೆ ಅಂದುಕೊಂಡು ಎಲ್ಲವನ್ನೂ ವ್ಯೂಗೆ ಬದಲಾಯಿಸಿ ಬರೆದೆ. ತೊಂದರೆ ಕೂದಲೆಳೆಯಷ್ಟೂ ಕದಲಲಿಲ್ಲ.

ಅಸಲಿ ಕಾರಣ ಇದು: ಐಫ್ರೇಮ್ ಒಳಗಿರೋದು ಬೇರೆಯದೇ ಡಾಕ್ಯುಮೆಂಟ್. ನಿಧಾನವಾಗಿ ಎಳೆದರೆ ಕರ್ಸರ್ ಕೆಳಗೆ ವಿಂಡೋದ ಮೇಲಿನ ಶೀರ್ಷಿಕೆ ಪಟ್ಟಿ, ಅಂದರೆ ಟೈಟಲ್ ಬಾರೇ ಇರುತ್ತೆ, ಏನೂ ಆಗಲ್ಲ. ಜೋರಾಗಿ ಎಳೆದರೆ ಕರ್ಸರ್ ಮುಂದೆ ಓಡಿ ಐಫ್ರೇಮ್ ಮೇಲೆ ಬೀಳುತ್ತೆ. ಅಲ್ಲಿಂದ ಈವೆಂಟೆಲ್ಲ ಆಟದ ಪಾಲು. ಅಲ್ಲೇ ಬಟನ್ ಬಿಟ್ಟರೆ ಮೌಸ್‌ಅಪ್ ನಮ್ಮ ಕಡೆ ಬರೋದೇ ಇಲ್ಲ, ಹಾಗಾಗಿ ನಮ್ಮ ಕೋಡ್ ಇನ್ನೂ ಎಳೀತಾನೇ ಇರುತ್ತೆ. ಪರೀಕ್ಷೆ ಮಾಡುವಾಗ ನಾನು ಪ್ರತಿ ಸಲ ಹುಷಾರಾಗಿ, ನಿಧಾನವಾಗಿ ಎಳೆಯುತ್ತಿದ್ದೆ. ಅದಕ್ಕೇ ಕಾರಣ ಕಣ್ಣಿಗೆ ಬೀಳಲಿಲ್ಲ. ನೀವು ಮೊದಲ ದಿನದಿಂದಲೇ ಒರಟಾಗಿ ಎಳೆದು ನೋಡಿ.

ಮೌಸ್ ಈವೆಂಟ್ ಬಿಟ್ಟು, ಮೌಸ್, ಬೆರಳು, ಪೆನ್ ಎಲ್ಲಕ್ಕೂ ಒಂದೇ ಆದ ಪಾಯಿಂಟರ್ ಈವೆಂಟ್ ಹಿಡಿಯಿರಿ. ಬಟನ್ ಒತ್ತಿ ಪಾಯಿಂಟರ್‌ಡೌನ್ ಆದ ಕೂಡಲೇ ಟೈಟಲ್ ಬಾರ್ ಮೇಲೆ ಸೆಟ್‌ಪಾಯಿಂಟರ್‌ಕ್ಯಾಪ್ಚರ್ ಕರೆದರೆ, ಬಿಡುವ ತನಕ ಆ ಪಾಯಿಂಟರ್‌ನ ಈವೆಂಟ್‌ಗಳೆಲ್ಲ ಅದಕ್ಕೇ ಬರುತ್ತವೆ. ಬ್ರೌಸರ್ ನಡುವೆಯೇ ಎಳೆತ ರದ್ದು ಮಾಡಿದಾಗ ಬರುವ ಪಾಯಿಂಟರ್‌ಕ್ಯಾನ್ಸಲ್ ಮರೆಯಬೇಡಿ. ಎಳೆಯುವಷ್ಟು ಹೊತ್ತು ಐಫ್ರೇಮ್‌ಗಳಿಗೆ ಸಿಎಸ್‌ಎಸ್‌ನಲ್ಲಿ (ಪುಟದ ನೋಟ ಬರೆಯುವ ಭಾಷೆ) pointer-events: none ಹಾಕಿ, ಅವು ಮೌಸ್ ಹಿಡಿಯದಂತೆ ಮಾಡಿದರೆ ಇನ್ನೂ ಭದ್ರ.

ಇನ್ನೊಂದು ವಿಷಯ. ಅಸಲಿ ವಿಂಡೋಸ್ 95ರಲ್ಲಿ ಎಳೆಯುವಾಗ ಇಡೀ ವಿಂಡೋ ಚಲಿಸುತ್ತಿರಲಿಲ್ಲ, ಚೌಕಟ್ಟಿನ ಗೆರೆ ಮಾತ್ರ. ಒಳಗಿನದೆಲ್ಲ ಜೊತೆಗೆ ಬರಬೇಕಿದ್ದರೆ ಪ್ಲಸ್ ಪ್ಯಾಕ್ ಎಂಬ ಹೆಚ್ಚುವರಿ ತಂತ್ರಾಂಶ ಬೇರೆಯಾಗಿ ಹಾಕಿಸಬೇಕಿತ್ತು. ನೀವೂ ಗೆರೆಯನ್ನಷ್ಟೇ ಚಲಿಸಿ, ಬಿಟ್ಟಾಗ ವಿಂಡೋ ತಂದು ಕೂರಿಸಿ. ಬ್ರೌಸರ್‌ಗೂ ಹಗುರ. ಆ ಕಾಲದ ಕಂಪ್ಯೂಟರ್ ಬಳಸಿದವರು ಬಣ್ಣಕ್ಕಿಂತ ಮೊದಲು ಇದನ್ನೇ ಗುರುತಿಸುತ್ತಾರೆ.

ಶೀರ್ಷಿಕೆ ಕನ್ನಡದಲ್ಲಿ ಹಾಕ್ತೀರಾದರೆ 18 ಪಿಕ್ಸೆಲ್ಲಿನ ಟೈಟಲ್ ಬಾರ್ ಸಾಲದು, ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತೆ. ಅಲ್ಲಿ ಹಳೆಯ ಅಳತೆ ಬಿಟ್ಟು ಎತ್ತರ ಹೆಚ್ಚಿಸಿ.