'ಸುದರ್ಶನ ಚಕ್ರ' ಬಂದರೆ ನಮ್ಮ ಕರಾವಳಿ ಪೂರ್ತಿ ಸುರಕ್ಷಿತವೇ?

'ಸುದರ್ಶನ ಚಕ್ರ' ಎಂದರೆ ಶತ್ರುವಿನ ಕ್ಷಿಪಣಿಗಳನ್ನು ತಡೆಯುವ ದೇಶವ್ಯಾಪಿ ರಕ್ಷಣಾ ಯೋಜನೆ. ಮಂಗಳೂರಿನಲ್ಲಿ ತೈಲ ರಿಫೈನರಿ, ಬಂದರು ಎರಡೂ ಇರುವುದರಿಂದ ಈ ಪ್ರಶ್ನೆ ಸಹಜ. ಉತ್ತರ: ಪೂರ್ತಿ ಅಲ್ಲ. ಆದರೂ ಅದು ಬೇಕು ಎಂಬುದು ನನ್ನ ಅಭಿಪ್ರಾಯ.

2025ರ ಆಗಸ್ಟ್ 15ರಂದು ಪ್ರಧಾನಿ ಈ ಯೋಜನೆ ಪ್ರಕಟಿಸಿದರು. ಗುರಿ 2035. ಆಸ್ಪತ್ರೆ, ರೈಲ್ವೆಯಂಥ ಜಾಗಗಳಿಗೂ ರಕ್ಷಣೆ ಕೊಡುವ ಮಾತು ಅದರಲ್ಲಿದೆ.

ತೊಡಕು ಇರುವುದು ಲೆಕ್ಕದಲ್ಲಿ. ಬರುವ ಕ್ಷಿಪಣಿಗಿಂತ ಅದನ್ನು ತಡೆಯುವ ಕ್ಷಿಪಣಿಯೇ ಎಷ್ಟೋ ಸಲ ದುಬಾರಿ. ಒಂದನ್ನು ತಡೆಯಲು ಎರಡು ಹಾರಿಸಬೇಕಾಗುವುದೂ ಉಂಟು. ಒಟ್ಟಿಗೇ ತುಂಬಾ ಬಂದರೆ ಕೆಲವು ನುಸುಳಿಯೇ ನುಸುಳುತ್ತವೆ. 2024ರ ಅಕ್ಟೋಬರ್‌ನಲ್ಲಿ ಇರಾನ್ ಸುಮಾರು 200 ಕ್ಷಿಪಣಿ ಹಾರಿಸಿದಾಗ, ಅಷ್ಟು ಪುಟ್ಟ ಇಸ್ರೇಲಿನಲ್ಲೇ ಕೆಲವು ಬಂದು ಬಿದ್ದವು. ನಮ್ಮ ದೇಶ ಅದಕ್ಕಿಂತ ಎಷ್ಟು ದೊಡ್ಡದು! ಒಬ್ಬರು ರಕ್ಷಣೆ ಹೆಚ್ಚಿಸಿದರೆ ಎದುರಾಳಿ ಕ್ಷಿಪಣಿ ಹೆಚ್ಚಿಸುತ್ತಾನೆ ಎಂಬ ಭಯವೂ ಹಳೆಯದೇ. ಅದಕ್ಕೇ ಅಮೆರಿಕ, ಸೋವಿಯತ್ ಒಕ್ಕೂಟ 1972ರಲ್ಲಿ ಒಪ್ಪಂದ ಮಾಡಿಕೊಂಡು, ಕ್ಷಿಪಣಿ ತಡೆಯುವ ವ್ಯವಸ್ಥೆಗಳಿಗೆ ಮಿತಿ ಹಾಕಿಕೊಂಡಿದ್ದವು. 2002ರಲ್ಲಿ ಅಮೆರಿಕ ಆ ಒಪ್ಪಂದದಿಂದ ಹೊರಬಂತು.

ನಮ್ಮಲ್ಲಿ ಕಚ್ಚಾ ತೈಲದ ತುರ್ತು ಸಂಗ್ರಹ ಬಂಡೆಯೊಳಗಿನ ಗುಹೆಗಳಲ್ಲಿದೆ: ಮಂಗಳೂರಿನ ಸಾಮರ್ಥ್ಯ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನದು 25 ಲಕ್ಷ. ಅದಕ್ಕೆ ನೆಲವೇ ಕವಚ. ಎಂಆರ್‌ಪಿಎಲ್ ರಿಫೈನರಿ, ಪಣಂಬೂರು ಬಂದರು ಮಾತ್ರ ನೆಲದ ಮೇಲೆ, ಜನವಸತಿಯ ಪಕ್ಕದಲ್ಲೇ ಇವೆ. ಮೊದಲ ರಕ್ಷಣೆ ಇಂಥ ಕಡೆ ಸಿಗಬೇಕು. ಸೈರನ್, ಅಣಕು ಕವಾಯತಿಗೆ 2035ರವರೆಗೆ ಕಾಯುವುದೇ ಬೇಡ, ಈಗಲೇ ಕೇಳೋಣ.