ಗೊಡಚಿನಮಲ್ಕಿ ಜಲಪಾತದ ಹತ್ತಿರ ಮಳೆಗಾಲದ ರವಿವಾರ ಯುಪಿಐ ಹೋಗುವುದಿಲ್ಲ, ಫೋನೂ ಸಿಗುವುದಿಲ್ಲ. ನಮ್ಮಂಥ ಸಣ್ಣ ಅಂಗಡಿಯವರು ಏನು ಮಾಡಬೇಕು?

ಮೊದಲು ಒಂದು ಪರೀಕ್ಷೆ ಮಾಡಿ. ಮಂಗಳವಾರ ಬೆಳಿಗ್ಗೆ ಅಂಗಡಿ ಮುಂದೆ ನಿಂತು ಫೋನ್ ನೋಡಿ. ರವಿವಾರ ಮಧ್ಯಾಹ್ನ ಅಲ್ಲೇ ನಿಂತು ಮತ್ತೆ ನೋಡಿ. ಎರಡೂ ದಿನ ಸಿಗ್ನಲ್ ಕಡ್ಡಿ ಇಲ್ಲ ಅಂದ್ರೆ ಗುಡ್ಡ ಅಡ್ಡ ಬಂದಿದೆ. ಕಡ್ಡಿ ತುಂಬಾ ಇದೆ, ಆದರೂ ಗಿರಾಕಿ ಕೈಯಲ್ಲಿ ಸುಟ್ಟ ಗೋವಿನಜೋಳದ ತೆನೆ ಆರುವವರೆಗೂ ಪರದೆ ಮೇಲೆ ಚಕ್ರ ತಿರುಗುತ್ತಲೇ ಇದೆ ಅಂದ್ರೆ, ಒಂದೇ ಟವರಿಗೆ ಮಂದಿ ಜಾಸ್ತಿ ಆಗಿದ್ದಾರೆ.

ಮಂದಿ ಜಾಸ್ತಿ ಆಗಿದ್ದರೆ ಕೆಲಸ ಸುಲಭ. ಇರುವ ಟವರಿನ ಸಾಮರ್ಥ್ಯ ಹೆಚ್ಚಿಸಬಹುದು. ಜಾತ್ರೆಗಳಿಗೆ ತರುವಂತೆ ಗಾಡಿ ಮೇಲಿನ ಟವರನ್ನೂ ಸೀಸನ್ನಿಗೆ ತಂದು ನಿಲ್ಲಿಸಬಹುದು. ಬೇಸಿಗೆಯಲ್ಲೇ ಗ್ರಾಮ ಪಂಚಾಯತಿಯಿಂದ ಕಂಪನಿಗೆ ಪತ್ರ ಹೋಗಲಿ. ಸುಮ್ನೆ ‘ನೆಟ್‌ವರ್ಕ್ ಇಲ್ಲ’ ಅಂತ ಬರೆಯಬೇಡಿ, ದಿನ, ಹೊತ್ತು, ಜಾಗ ಹಾಕಿ.

ಗುಡ್ಡ ಅಡ್ಡ ಇದ್ದರೆ ಹೊಸ ಟವರೇ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಕಣಿವೆಗೆ 700ರಿಂದ 900 ಮೆಗಾಹರ್ಟ್ಸ್ ತರಂಗ ಒಳ್ಳೆಯದು. ಅದು ದೂರ ಹೋಗುತ್ತದೆ, ಮರಗಿಡಗಳನ್ನೂ ಚೆನ್ನಾಗಿ ದಾಟುತ್ತದೆ.

ಅಲ್ಲಿಯವರೆಗೆ ಅಂಗಡಿಗೆ ವೈರಿನ ಬ್ರಾಡ್‌ಬ್ಯಾಂಡ್ ಸಿಗುತ್ತದಾ ವಿಚಾರಿಸಿ. ಸಿಕ್ಕರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಗಿರಾಕಿಗಳಿಗೂ ವೈಫೈ ಕೊಟ್ಟರೆ ಯುಪಿಐ ದುಡ್ಡು ಬರುತ್ತದೆ, ಅಲ್ವಾ? ಆದರೆ ಆನ್‌ಲೈನಲ್ಲಿ ಮಾರುವ ಸಿಗ್ನಲ್ ಬೂಸ್ಟರ್ ಮಾತ್ರ ದಯವಿಟ್ಟು ಕೊಳ್ಳಬೇಡಿ. ಅನುಮತಿ ಇಲ್ಲದೆ ಹಾಕುವುದು ಕಾನೂನಿಗೆ ವಿರುದ್ಧ, ಪಕ್ಕದವರ ಸಿಗ್ನಲ್ಲೂ ಕೆಡುತ್ತದೆ. ನೀರಿನ ಹತ್ತಿರ ಯಾರಾದರೂ ಜಾರಿ ಬಿದ್ದರೆ 112ಕ್ಕೆ ಒತ್ತಿ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಕರೆ ಹೋಗುತ್ತದೆ.