ಲೈಪೊಸೋಮಲ್ ಡಾಕ್ಸೊರುಬಿಸಿನ್ ನೇರ ಲಿವರ್‌ನ ಗಡ್ಡೆಗೇ ಹೋಗುತ್ತದಂತೆ, ಅಡ್ಡಪರಿಣಾಮವೂ ಇಲ್ಲವಂತೆ. ಅಮ್ಮನಿಗೆ ಸ್ತನ ಕ್ಯಾನ್ಸರ್ ಲಿವರ್‌ಗೆ ಹರಡಿದೆ, ಸಾಲ ಮಾಡಿಯಾದರೂ ಹಾಕಿಸಲೇ?

ಈ ಎರಡು ‘ಅಂತೆ’ಗಳನ್ನು ನಾವೂ ನಂಬಿದ್ದೆವು. ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧಿಯನ್ನು ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ತುಂಬಿ ಕೊಡುವ ಡ್ರಿಪ್ ಇದು. ನಮ್ಮ ಅವ್ವನಿಗೂ ಹೀಗೇ ಸ್ತನದಿಂದ ಲಿವರ್‌ಗೆ ಹೋಗಿತ್ತು. ವಯಸ್ಸಾಗಿದೆ, ಬಿಪಿ ಇದೆ, ಹೃದಯಕ್ಕೆ ಇದೇ ಹಗುರ ಎಂದು ಡಾಕ್ಟರು ಬರೆದುಕೊಟ್ಟರು. ನನ್ನ ಕಿವಿಗೆ ಬಿದ್ದದ್ದು ‘ಹಗುರ’ ಒಂದೇ.

ಮೊದಲ ಡೋಸ್ ಸಲೀಸಾಗಿ ಹೋಯಿತು. ಕೆಂಪು ಶರಬತ್ತಿನಂಥ ಡ್ರಿಪ್. ವಾಂತಿ ಇಲ್ಲ, ಕೂದಲೂ ಹೆಚ್ಚು ಉದುರಲಿಲ್ಲ. ಮರುದಿನವೇ ಅವ್ವ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿದಳು. ಕುದಿನೀರು ಹಾಕಿ ಹಿಟ್ಟು ನಾದುವುದು, ಅಂಗೈಯಿಂದ ಪಟಪಟ ಬಡಿಯುವುದು, ಬಿಸಿ ಹಂಚು. ಊರವರೆಲ್ಲ ಮೆಚ್ಚಿದರು, ನಾನೂ ಮೆಚ್ಚಿದೆ.

ಎರಡನೇ ಡೋಸ್ ಆಗಿ ಹತ್ತು ದಿನಕ್ಕೆ ಅಂಗೈ ಉರಿ ಶುರುವಾಯಿತು. “ಏನಾಗಂಗಿಲ್ಲ ಬಿಡಪಾ, ಒಲಿ ಝಳ” ಅಂದಳು. ನಾನು ಮಾಡಿದ್ದೇನು ಗೊತ್ತೇ? ಆಸ್ಪತ್ರೆಗೆ ಫೋನ್ ಮಾಡಲಿಲ್ಲ. ಉಪ್ಪು ಹಾಕಿದ ಬಿಸಿನೀರಿನಲ್ಲಿ ಕೈಕಾಲು ಇಡಿಸಿದೆ, ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದೆ. ಶಾಖ, ತಿಕ್ಕಾಟ, ಒತ್ತಡ, ಈ ಮೂರನ್ನೂ ಈ ಔಷಧಿಯಲ್ಲಿ ಮಾಡಲೇಬಾರದು. ನಾನು ಮೂರನ್ನೂ ಒಂದೇ ಸಂಜೆ ಮಾಡಿದ್ದೆ, ಅದೂ ನಾಲ್ಕು ದಿನ ಸತತ. ಐದನೇ ದಿನ ಬೆರಳ ಸಂದಿಯಲ್ಲಿ ಚರ್ಮ ಬೆಂದ ಆಲೂಗಡ್ಡೆ ಸಿಪ್ಪೆಯ ಹಾಗೆ ಎದ್ದು ಬಂತು. ಅವಳಿಗೆ ಲೋಟ ಹಿಡಿಯಲಾಗಲಿಲ್ಲ. ಮೂರನೇ ಡೋಸ್ ಎರಡು ವಾರ ಮುಂದೆ ಹೋಯಿತು, ಪ್ರಮಾಣ ಕಾಲು ಭಾಗ ಇಳಿಸಿದರು. ಕೆಂಪಾದ ದಿನವೇ ಹೇಳಿದ್ದರೆ ಇದ್ಯಾವುದೂ ಬೇಕಿರಲಿಲ್ಲ ಎಂದು ನರ್ಸ್ ಬೈದದ್ದು ಇನ್ನೂ ಕಿವಿಯಲ್ಲಿದೆ.

ಇದಕ್ಕೆ ಕೈ-ಕಾಲು ಸಿಂಡ್ರೋಮ್ ಅನ್ನುತ್ತಾರೆ. 2004ರಲ್ಲಿ ಪ್ರಕಟವಾದ, 509 ಮಹಿಳೆಯರ ಪ್ರಯೋಗದಲ್ಲಿ ಲೈಪೊಸೋಮಲ್ ತೆಗೆದುಕೊಂಡವರಲ್ಲಿ 48% ಜನಕ್ಕೆ ಇದು ಬಂದಿತ್ತು. ಸಾದಾ ಡಾಕ್ಸೊರುಬಿಸಿನ್‌ನವರಲ್ಲಿ 2% ಮಾತ್ರ. ರೋಗ ಮುಂದುವರಿಯದಂತೆ ತಡೆಯುವುದರಲ್ಲಿ ಎರಡೂ ಸರಿಸುಮಾರು ಒಂದೇ. ಹೃದಯಕ್ಕಾಗುವ ಹಾನಿ ಮಾತ್ರ ಲೈಪೊಸೋಮಲ್‌ನಲ್ಲಿ ಬಹಳ ಕಡಿಮೆ. ಅಡ್ಡಪರಿಣಾಮ ಇಲ್ಲ ಅಂದವರು ಯಾರೋ, ಅವರನ್ನೇ ರೊಟ್ಟಿ ಬಡಿಯಲು ಕೂರಿಸಿ.

‘ನೇರ ಲಿವರ್‌ಗೆ’ ಅನ್ನುವುದಂತೂ ತಲೆಕೆಳಗು. ಔಷಧಿ ತುಂಬಿದ ಈ ಕೊಬ್ಬಿನ ಗುಳ್ಳೆ ಸುಮಾರು 100 ನ್ಯಾನೊಮೀಟರ್. ಇಂಥವನ್ನು ಹಿಡಿದು ನುಂಗುವುದು ಲಿವರ್‌ನ ಕುಪ್ಫರ್ ಕೋಶಗಳ ಕೆಲಸ, ಮತ್ತು ಅವು ಹೆಚ್ಚಾಗಿರುವುದು ಆರೋಗ್ಯವಾಗಿರುವ ಭಾಗದಲ್ಲಿ. ಗುಳ್ಳೆಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪದಾರ್ಥದ ಪದರ ಹೊದಿಸುವುದೇ ಅವುಗಳ ಕಣ್ಣು ತಪ್ಪಿಸಲು. ತಪ್ಪಿಸಿಕೊಂಡು ರಕ್ತದಲ್ಲಿ ದಿನಗಟ್ಟಲೆ ತಿರುಗುತ್ತದೆ, ಗಡ್ಡೆಯ ಸೋರುವ ರಕ್ತನಾಳಗಳಲ್ಲಿ ಒಳಗಿಳಿಯುತ್ತದೆ. ಹಾಗೆ ತಿರುಗುತ್ತಲೇ ಅಂಗೈಗೂ ಬರುತ್ತದೆ.

ಹಾಗಾಗಿ ‘ಸಾಲ ಮಾಡಲೇ’ ಅನ್ನುವುದಕ್ಕಿಂತ ಮುಂಚೆ ಡಾಕ್ಟರನ್ನು ಕೇಳಿ: ಅಮ್ಮನ ಎಕೋ (ಹೃದಯದ ಸ್ಕ್ಯಾನ್) ಹೇಗಿದೆ, ಸಾದಾ ಔಷಧಿ ಯಾಕೆ ಬೇಡ? ಹೃದಯ ಗಟ್ಟಿಯಿದ್ದು, ಬೇರೆ ಕಾರಣವೂ ಇಲ್ಲದಿದ್ದರೆ ನಾನಾಗಿದ್ದರೆ ಸಾಲ ಮಾಡುತ್ತಿರಲಿಲ್ಲ. ಹಾಕಿಸಿದರೆ ಮೊದಲ ವಾರ ತಣ್ಣೀರು, ಸಡಿಲ ಚಪ್ಪಲಿ. ಪಾತ್ರೆ, ಬಟ್ಟೆ, ಒಲೆ ನಿಮ್ಮ ಪಾಲಿಗೆ. ಅಂಗೈ ಕೆಂಪಾದರೆ ಫೋಟೋ ತೆಗೆದು ಅಂದೇ ಕಳಿಸಿ.

ನಾಲ್ಕನೇ ಡೋಸ್‌ಗೆ ರೊಟ್ಟಿ ನಾನೇ ಬಡಿದೆ. ಒಂದೂ ದುಂಡಗಾಗಲಿಲ್ಲ.